ನೆಮ್ಮದಿಯ ಕೆಲಸ ಬಿಡುವ ಮೊದಲು ಹೊಸ ಕೆಲಸದ ಸೋಮವಾರವನ್ನು ನೋಡಿ ಬನ್ನಿ

ಪ್ರಶ್ನೆ: ಮೇಡಂ, ನನಗೆ 38 ವರ್ಷ. ವಿಮಾ ಕಂಪನಿಯೊಂದರ ಕ್ಲೇಮ್ ವಿಭಾಗದಲ್ಲಿ 14 ವರ್ಷದಿಂದ ಇದ್ದೇನೆ. ಸಂಬಳ ಚೆನ್ನಾಗಿದೆ, ಬಾಸ್ ಒಳ್ಳೆಯವರು, ಸಂಜೆ ಆರಕ್ಕೆಲ್ಲ ಮನೆಯಲ್ಲಿರುತ್ತೇನೆ. ದೂರು ಹೇಳುವಂಥದ್ದು ಏನೂ ಇಲ್ಲ. ಆದರೆ ಎರಡು ವರ್ಷದಿಂದ ಪ್ರತಿ ಶನಿವಾರ, ಓದು ಬರಹ ಕಷ್ಟವಾಗುವ ಮಕ್ಕಳಿಗೆ ಹೇಳಿಕೊಡಲು ಹೋಗುತ್ತಿದ್ದೇನೆ. ಆ ಎರಡು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಉಳಿದ ದಿನ ಗಡಿಯಾರ ನೋಡುತ್ತಾ ಕೂತಿರುತ್ತೇನೆ. ವಿಶೇಷ ಶಿಕ್ಷಕಿಯಾಗಬೇಕು ಅಂತ ಆಸೆ. ಅದಕ್ಕೆ ಎರಡು ವರ್ಷದ ತರಬೇತಿ ಬೇಕು, ಆಮೇಲೆ ಸಿಗುವ ಸಂಬಳ ಈಗಿನದರ ಅರ್ಧವೂ ಇರಲ್ಲ. ಗಂಡನಿಗೂ ಕೆಲಸ ಇದೆ, ಆದರೆ ಮನೆ ಸಾಲ ಇನ್ನೂ ಒಂಬತ್ತು ವರ್ಷ ಕಟ್ಟಬೇಕು, ಮಗಳು ಆರನೇ ತರಗತಿ. ಅಮ್ಮ ‘ಇದೆಲ್ಲ ಹೊಟ್ಟೆ ತುಂಬಿದವರ ಚಿಂತೆ’ ಅನ್ನುತ್ತಾರೆ. ಗೆಳತಿ ‘ಮನಸ್ಸು ಹೇಳಿದ ಕಡೆ ಹೋಗು, ದುಡ್ಡು ತಾನಾಗೇ ಬರುತ್ತೆ’ ಅನ್ನುತ್ತಾಳೆ. 40 ದಾಟಿದರೆ ಆಗಲ್ಲ ಅಂತ ನನಗೆ ಭಯ. ಕೆಲಸ ಬಿಡಲೋ ಬೇಡವೋ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಈಗಲೇ ರಾಜೀನಾಮೆ ಕೊಡಬೇಡಿ, ಆಸೆಯನ್ನು ಮೂಟೆ ಕಟ್ಟಿ ಅಟ್ಟಕ್ಕೆ ಹಾಕಲೂ ಬೇಡಿ. ಈ ಎರಡರ ನಡುವೆ ಮಾಡಬೇಕಾದ ಕೆಲಸ ಸಾಕಷ್ಟಿದೆ. ಅದನ್ನು ಮಾಡಿ ಮುಗಿಸಿದವರಿಗೆ ಕೊನೆಯ ನಿರ್ಧಾರ ಇಷ್ಟು ಭಾರವಾಗುವುದಿಲ್ಲ.

ವೃತ್ತಿ ಸಲಹೆಗೆಂದು ನನ್ನ ಬಳಿ ಬರುವವರಲ್ಲಿ ಅತಿ ಹೆಚ್ಚು ಒದ್ದಾಡುವವರು ನಿಮ್ಮಂಥ ಸ್ಥಿತಿಯವರೇ. ಬಾಸ್ ಕಿರುಕುಳ ತಾಳಲಾರದವರು, ಸಂಬಳ ಸರಿಯಾಗಿ ಸಿಗದವರು ಹೇಗೂ ಬಿಟ್ಟು ಹೋಗುತ್ತಾರೆ. ಅವರು ಕಾರಣ ಹುಡುಕಬೇಕಾಗಿಲ್ಲ. ಎಲ್ಲ ಸರಿಯಿದ್ದೂ ಮನಸ್ಸು ನಿಲ್ಲದವರಿಗೆ ಬೇಸರದ ಜೊತೆ ‘ನನಗೇಕೆ ಹೀಗೆ?’ ಎನ್ನುವ ತಪ್ಪಿತಸ್ಥ ಭಾವನೆಯೂ ಸೇರಿಕೊಳ್ಳುತ್ತದೆ. ನಿಮ್ಮ ಪತ್ರದಲ್ಲಿ ಅದು ಕಾಣುತ್ತಿದೆ. ‘ದೂರು ಹೇಳುವಂಥದ್ದು ಏನೂ ಇಲ್ಲ’ ಎಂದು ಬರೆದು, ಮರುಸಾಲಿನಲ್ಲೇ ದೂರು ಶುರು ಮಾಡಿದ್ದೀರಿ. ದೂರು ಇದೆ, ಮತ್ತು ಅದು ನ್ಯಾಯವಾದದ್ದೇ.

ಅಮ್ಮನ ಮಾತಿನಿಂದ ಆರಂಭಿಸೋಣ. ಸಂಬಳ, ಒಳ್ಳೆಯ ಬಾಸ್, ಹೊತ್ತಿಗೆ ಸರಿಯಾಗಿ ಮನೆ ಸೇರುವುದು, ಇವೆಲ್ಲ ಇದ್ದರೆ ಕೆಲಸದ ಮೇಲೆ ಸಿಟ್ಟು ಬರುವುದಿಲ್ಲ, ನಿಜ. ಆದರೆ ಇವುಗಳಿಂದಲೇ ಕೆಲಸದಲ್ಲಿ ಸಂತೋಷ ಹುಟ್ಟುತ್ತದೆ ಎನ್ನಲಾಗದು. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಸುಮಾರು 200 ಎಂಜಿನಿಯರ್ ಮತ್ತು ಅಕೌಂಟೆಂಟ್‌ಗಳನ್ನು ಮಾತಾಡಿಸಿ 1959ರಲ್ಲಿ ಹೇಳಿದ್ದು ಇದನ್ನೇ. ಕೆಲಸದ ಬಗ್ಗೆ ಅಸಮಾಧಾನ ತರುವ ಸಂಗತಿಗಳೇ ಬೇರೆ, ತೃಪ್ತಿ ಕೊಡುವ ಸಂಗತಿಗಳೇ ಬೇರೆ. ಮೊದಲನೆಯ ಗುಂಪಿನಲ್ಲಿ ಸಂಬಳ, ಮೇಲಧಿಕಾರಿ, ಕಂಪನಿಯ ನಿಯಮಗಳು ಬರುತ್ತವೆ. ಎರಡನೆಯದರಲ್ಲಿ ಮಾಡುವ ಕೆಲಸದ ಸ್ವರೂಪ, ಏನನ್ನೋ ಸಾಧಿಸಿದ ಭಾವನೆ, ಬೆಳವಣಿಗೆ. ಈ ಸಿದ್ಧಾಂತಕ್ಕೆ ಆಮೇಲೆ ಸಾಕಷ್ಟು ಟೀಕೆ ಬಂದಿದೆ, ಎಲ್ಲರಿಗೂ ಅದು ಅಚ್ಚುಕಟ್ಟಾಗಿ ಹೊಂದುವುದಿಲ್ಲ. ಆದರೆ ನಿಮ್ಮ ಸ್ಥಿತಿಗೆ ಹೊಂದುತ್ತದೆ. ಮೊದಲ ಗುಂಪಿನದೆಲ್ಲ ನಿಮ್ಮಲ್ಲಿದೆ, ಎರಡನೆಯದು ಖಾಲಿ. ಇದು ಹೊಟ್ಟೆ ತುಂಬಿದವರ ಚಿಂತೆ ಎನ್ನುವುದಾದರೆ, ಹೊಟ್ಟೆ ತುಂಬಿದ ಮೇಲಲ್ಲದೆ ಮನುಷ್ಯ ಇದನ್ನು ಯೋಚಿಸುವುದಾದರೂ ಯಾವಾಗ?

ಆದರೂ ಒಂದು ಅನುಮಾನವನ್ನು ಪರಿಹರಿಸಿಕೊಳ್ಳಬೇಕು. ನಿಮಗಿರುವುದು ಬೇಸರವೋ, ದಣಿವೋ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಎಂಬುದನ್ನು ವಿವರಿಸುವಾಗ ಮೂರು ಲಕ್ಷಣ ಹೇಳಿತು: ಶಕ್ತಿಯೆಲ್ಲ ಸೋರಿಹೋದಂತಹ ಬಳಲಿಕೆ, ಕೆಲಸದಿಂದ ಮನಸ್ಸು ದೂರ ಸರಿದು ಎಲ್ಲದರ ಮೇಲೂ ತಾತ್ಸಾರ, ಮಾಡುವ ಕೆಲಸ ಸರಿಯಾಗಿ ಮಾಡಲಾಗುತ್ತಿಲ್ಲ ಎನ್ನುವ ಭಾವನೆ. ಅದನ್ನು ಕಾಯಿಲೆಯೆಂದು ಅದು ಕರೆದಿಲ್ಲ, ಕೆಲಸದ ಒತ್ತಡವನ್ನು ದೀರ್ಘಕಾಲ ಸರಿಯಾಗಿ ನಿಭಾಯಿಸದೆ ಹೋದಾಗ ಉಂಟಾಗುವ ಸ್ಥಿತಿ ಎಂದಿದೆ. ಇಂಥ ದಣಿವಿನಲ್ಲಿ ಇರುವವರಿಗೆ ಎದುರು ಕಂಡ ಯಾವ ಕೆಲಸವೂ ಸ್ವರ್ಗದಂತೆ ಕಾಣುತ್ತದೆ. ಅವರಿಗೆ ನಾನು ಹೇಳುವುದು, ಮೊದಲು ಚೇತರಿಸಿಕೊಳ್ಳಿ, ನಿರ್ಧಾರ ಆಮೇಲೆ. ನೀವು ಆ ಸ್ಥಿತಿಯಲ್ಲಿಲ್ಲ ಎಂದು ನನ್ನ ಅಂದಾಜು. ವಾರವೆಲ್ಲ ದುಡಿದು ಶನಿವಾರ ಮತ್ತೆ ಮಕ್ಕಳ ಮುಂದೆ ಕೂರುವ ಚೈತನ್ಯ ನಿಮಗಿದೆ. ಖಚಿತ ಮಾಡಿಕೊಳ್ಳಬೇಕೆಂದರೆ ಹಿಂದಿನ ದೀರ್ಘ ರಜೆಯನ್ನು ನೆನಪಿಸಿಕೊಳ್ಳಿ. ರಜೆ ಮುಗಿಸಿ ಆಫೀಸಿಗೆ ಹೋದ ಮೊದಲ ವಾರ ಕೆಲಸ ಹಗುರ ಅನಿಸಿತ್ತೇ? ಅನಿಸಿದ್ದರೆ ಅದು ದಣಿವು. ಎರಡನೇ ದಿನಕ್ಕೇ ಮತ್ತೆ ಗಡಿಯಾರ ನೋಡತೊಡಗಿದ್ದರೆ ಬೇಸರ. ಬೇಸರಕ್ಕೆ ರಜೆ ಮದ್ದಲ್ಲ.

ಗೆಳತಿಯ ಮಾತು ಪ್ರೀತಿಯಿಂದ ಬಂದದ್ದು, ಆದರೆ ಅದರ ಎರಡೂ ಅರ್ಧಗಳು ಅಪಾಯಕಾರಿ. ದುಡ್ಡು ತಾನಾಗೇ ಬರುವುದಿಲ್ಲ. ವಿಶೇಷ ಶಿಕ್ಷಕರ ಸಂಬಳವನ್ನು ಅವರ ಪ್ರೀತಿ ನೋಡಿ ಯಾರೂ ನಿಗದಿ ಮಾಡುವುದಿಲ್ಲ. ಇನ್ನು ‘ಮನಸ್ಸು ಹೇಳಿದ ಕಡೆ’ ಎನ್ನುವುದು. ಮನಶ್ಶಾಸ್ತ್ರಜ್ಞರಾದ ಪಾಲ್ ಓಕೀಫ್, ಕ್ಯಾರಲ್ ಡ್ವೆಕ್ ಮತ್ತು ಗ್ರೆಗರಿ ವಾಲ್ಟನ್ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಪ್ಪುಕುಳಿಗಳ ಬಗ್ಗೆ ಒಂದು ಸೊಗಸಾದ ವಿಡಿಯೋ ತೋರಿಸಿದಾಗ ಹೆಚ್ಚಿನವರಿಗೆ ಆಸಕ್ತಿ ಕೆರಳಿತು. ಆಮೇಲೆ ಅದೇ ವಿಷಯದ ಮೇಲೆ ಕಠಿಣವಾದ ಲೇಖನವೊಂದನ್ನು ಓದಲು ಕೊಟ್ಟರು. ಆಸಕ್ತಿ ಎನ್ನುವುದು ಹುಟ್ಟಿನಿಂದ ಒಳಗೆ ಇರುವಂಥದ್ದು, ಅದನ್ನು ಕಂಡುಕೊಂಡರೆ ಸಾಕು ಎಂದು ನಂಬಿದವರ ಉತ್ಸಾಹ, ಅದು ಬೆಳೆಸಿಕೊಳ್ಳುವಂಥದ್ದು ಎಂದು ನಂಬಿದವರದ್ದಕ್ಕಿಂತ ಹೆಚ್ಚು ಕುಸಿಯಿತು. ‘ಇದೇ ನನ್ನ ಕೆಲಸ’ ಎಂಬ ಭಾವನೆ ಹೊತ್ತು ಹೋದವರು ಮೊದಲ ಕಷ್ಟ ಎದುರಾದಾಗ ‘ಅಯ್ಯೋ, ಇದೂ ನನ್ನದಲ್ಲವೇನೋ’ ಎಂದು ಕೈಚೆಲ್ಲುವುದನ್ನು ನಾನೂ ನೋಡಿದ್ದೇನೆ. ಕಷ್ಟ ಬರುವುದು ಸಹಜ ಎಂದು ತಿಳಿದು ಹೋದವರು ಉಳಿದುಕೊಳ್ಳುತ್ತಾರೆ.

40ರ ಭಯದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ತರಬೇತಿ ಮುಗಿಸುವಾಗ ನಿಮಗೆ 41 ಆಗಿರಬಹುದು. ಅಲ್ಲಿಂದ ಸುಮಾರು 20 ವರ್ಷದ ದುಡಿಮೆ ಬಾಕಿ ಇರುತ್ತದೆ. ಎರಡು ವರ್ಷದ ಕಲಿಕೆಗೆ ಅದು ಸಾಕಷ್ಟು ದೊಡ್ಡ ಅವಧಿ. ವಯಸ್ಸು ನಿಜಕ್ಕೂ ಕಾಡುವುದು ಬೇರೆ ಕಡೆ: ನಿಮಗಿಂತ ಹತ್ತು ವರ್ಷ ಚಿಕ್ಕವರು ನಿಮ್ಮ ಪಾಠವನ್ನು ಹಿಂದಿನ ಬೆಂಚಿನಲ್ಲಿ ಕೂತು ನೋಡಿ ತಪ್ಪು ಹೇಳುತ್ತಾರೆ. 14 ವರ್ಷ ಅನುಭವಿಯಾಗಿದ್ದು ಮತ್ತೆ ಹೊಸಬರಾಗುವುದು ಹಲವರಿಗೆ ಸಂಬಳ ಕಡಿತಕ್ಕಿಂತ ಹೆಚ್ಚು ಚುಚ್ಚುತ್ತದೆ. ಇದಕ್ಕೆ ಮನಸ್ಸು ಸಿದ್ಧವಿದೆಯೇ ಎಂದು ಕೇಳಿಕೊಳ್ಳಿ. ಹಾಗೆಯೇ ‘ಈಗಿನ ಕಾಲದಲ್ಲಿ ಪ್ರತಿಯೊಬ್ಬರೂ ಏಳು ವೃತ್ತಿ ಬದಲಿಸುತ್ತಾರೆ’ ಎಂದು ಯಾರಾದರೂ ಧೈರ್ಯ ತುಂಬಲು ಬಂದರೆ ನಂಬಬೇಡಿ. ಆ ಲೆಕ್ಕವನ್ನು ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಹೆಸರಿನಲ್ಲಿ ಹರಿಬಿಡುತ್ತಾರೆ. ಒಬ್ಬರು ಜೀವಮಾನದಲ್ಲಿ ಎಷ್ಟು ವೃತ್ತಿ ಬದಲಿಸುತ್ತಾರೆಂದು ತಾನು ಎಂದೂ ಅಂದಾಜು ಮಾಡಿಲ್ಲ ಎಂದು ಆ ಇಲಾಖೆಯೇ ಹೇಳಿದೆ.

ಹಾಗಾದರೆ ಎರಡು ವರ್ಷದಿಂದ ನೀವು ಅಲ್ಲೇ ನಿಂತಿರುವುದೇಕೆ? ಇದು ನಿಮ್ಮ ಅಂಜುಬುರುಕತನವಲ್ಲ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾಹ್ನೆಮನ್ ಮತ್ತು ಅಮೋಸ್ ಟ್ವೆರ್‌ಸ್ಕಿ 1979ರಲ್ಲಿ ಮಂಡಿಸಿದ ಸಿದ್ಧಾಂತದ ತಿರುಳು ಹೀಗಿದೆ: ಅಷ್ಟೇ ಗಾತ್ರದ ಲಾಭ ಕೊಡುವ ಖುಷಿಗಿಂತ ನಷ್ಟದ ನೋವು ಮನುಷ್ಯನಿಗೆ ಬಹಳ ಹೆಚ್ಚು ತಟ್ಟುತ್ತದೆ. ನಿಮ್ಮ ವಿಷಯದಲ್ಲಿ ಕಳೆದುಕೊಳ್ಳುವುದೆಲ್ಲ ಸ್ಪಷ್ಟ. ಸಂಬಳ ಚೀಟಿಯ ಮೇಲೆ ಅಂಕಿಯಲ್ಲಿ ಅಚ್ಚಾಗಿದೆ. ಪಡೆಯುವುದು ಮಾತ್ರ ಮಸುಕು. ಹೀಗಿರುವಾಗ ಯಾರ ಮನಸ್ಸಾದರೂ ಇದ್ದಲ್ಲೇ ಇರು ಎನ್ನುತ್ತದೆ. ಜೊತೆಗೆ 14 ವರ್ಷ ಹಾಕಿದ್ದೇನಲ್ಲ ಎಂಬ ಲೆಕ್ಕ. ಆ ವರ್ಷಗಳು ಮುಗಿದಿವೆ, ಅಲ್ಲೇ ಉಳಿದರೂ ವಾಪಸು ಬರುವುದಿಲ್ಲ. ಮುಂದಿನ ವರ್ಷಗಳನ್ನು ಎಲ್ಲಿ ಹಾಕುವುದು ಎನ್ನುವುದಷ್ಟೇ ಈಗ ನಿಮ್ಮ ಕೈಯಲ್ಲಿರುವುದು.

ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಇದನ್ನು ವಿಚಿತ್ರವಾದ ರೀತಿಯಲ್ಲಿ ಪರೀಕ್ಷಿಸಿದರು. ದೊಡ್ಡ ನಿರ್ಧಾರದಲ್ಲಿ ಅತ್ತಿತ್ತ ಹೊಯ್ದಾಡುತ್ತಿದ್ದವರಿಗೆ ಜಾಲತಾಣವೊಂದರಲ್ಲಿ ನಾಣ್ಯ ಚಿಮ್ಮಲು ಅವಕಾಶ ಕೊಟ್ಟರು. 20,000ಕ್ಕೂ ಹೆಚ್ಚು ಸಲ ನಾಣ್ಯ ಚಿಮ್ಮಿತು. ಕೆಲಸ ಬಿಡಬೇಕೇ ಎನ್ನುವುದೂ ಆ ಪ್ರಶ್ನೆಗಳಲ್ಲಿತ್ತು. ಆರು ತಿಂಗಳ ನಂತರ ವಿಚಾರಿಸಿದಾಗ, ದೊಡ್ಡ ನಿರ್ಧಾರಗಳಲ್ಲಿ ಬದಲಾವಣೆಯ ಕಡೆ ಹೋದವರು ಇದ್ದಲ್ಲೇ ಉಳಿದವರಿಗಿಂತ ಹೆಚ್ಚು ಸಂತೋಷವಾಗಿದ್ದರು. ಇದನ್ನು ಓದಿ ನಾಳೆಯೇ ರಾಜೀನಾಮೆ ಬರೆಯಬೇಡಿ. ಇನ್ನೊಂದು ಅಧ್ಯಯನವೂ ಇದೆ. ವೆಂಡಿ ಬಾಸ್‌ವೆಲ್ ಮತ್ತು ಸಹೋದ್ಯೋಗಿಗಳು 2005ರಲ್ಲಿ ತೋರಿಸಿದಂತೆ, ತಾವಾಗಿ ಕೆಲಸ ಬದಲಿಸಿದವರ ತೃಪ್ತಿ ಬದಲಿಸಿದ ಕೂಡಲೇ ಏರುತ್ತದೆ, ನಂತರ ಇಳಿಯುತ್ತದೆ. ಇವೆರಡನ್ನೂ ಒಟ್ಟಿಗೆ ಇಟ್ಟುಕೊಂಡು ನಾನು ಅರ್ಥಮಾಡಿಕೊಂಡಿರುವುದು ಇಷ್ಟು: ಬಹಳ ಜನ ಅಗತ್ಯಕ್ಕಿಂತ ಹೆಚ್ಚು ಕಾಲ ಹೆದರಿ ಕೂರುತ್ತಾರೆ, ಮತ್ತು ಹೋದ ಮೇಲೆ ಮೊದಲ ವರ್ಷದ ಸಂಭ್ರಮವನ್ನೇ ಶಾಶ್ವತವೆಂದು ತಿಳಿಯುತ್ತಾರೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಿಮಗೆ ಗೊತ್ತಿರುವುದು ವಿಶೇಷ ಶಿಕ್ಷಕಿಯ ಶನಿವಾರ ಮಾತ್ರ. ದೂರದ ಬೆಟ್ಟ ನುಣ್ಣಗೆ ಎನ್ನುವ ಗಾದೆ ನಿಮಗೆ ಪೂರ್ತಿ ಅನ್ವಯಿಸುವುದಿಲ್ಲ, ನೀವು ಬೆಟ್ಟದ ಬುಡದವರೆಗೂ ಹೋಗಿದ್ದೀರಿ. ಆದರೆ ಶನಿವಾರದ ಎರಡು ಗಂಟೆಯಲ್ಲಿ ಮಗು ಇದೆ, ಪಾಠ ಇದೆ, ಹೊಣೆ ಇಲ್ಲ. ಮಗು ಕಲಿಯಲಿಲ್ಲವೆಂದು ಯಾರೂ ನಿಮ್ಮನ್ನು ಕೇಳುವುದಿಲ್ಲ.

ಈ ವೃತ್ತಿಗೆ ಹೋದ ಹಲವರು ನನಗೆ ಹೇಳಿದ ವಾರದ ದಿನ ಹೀಗಿರುತ್ತದೆ. ಬೆಳಗ್ಗೆ ಮೊದಲ ಅವಧಿಯಲ್ಲಿ ಒಂದು ಮಗು ‘ಮರ’ ಎನ್ನುವ ಪದವನ್ನು ಬೆರಳಿಟ್ಟು, ಒಂದೊಂದು ಅಕ್ಷರದ ಸದ್ದು ಹೇಳಿ, ಕೂಡಿಸಿ ಓದುತ್ತದೆ. ಮರುದಿನ ಅದೇ ಪದ ಅದಕ್ಕೆ ಹೊಸದು. ಡಿಸ್ಲೆಕ್ಸಿಯಾ, ಅಂದರೆ ಪದಗಳನ್ನು ಓದಲು ಬರೆಯಲು ಕಷ್ಟವಾಗುವ ಕಲಿಕೆಯ ತೊಡಕು ಇರುವ ಮಕ್ಕಳಿಗೆ ಅಕ್ಷರ ಮತ್ತು ಸದ್ದಿನ ನಂಟನ್ನು ಒಂದು ಕ್ರಮದಲ್ಲಿ, ಮತ್ತೆ ಮತ್ತೆ, ಸ್ಪಷ್ಟವಾಗಿ ಕಲಿಸಬೇಕಾಗುತ್ತದೆ. ಪ್ರಗತಿ ತಿಂಗಳುಗಳ ಲೆಕ್ಕದಲ್ಲಿ ಕಾಣುತ್ತದೆ. ಮಕ್ಕಳು ಹೋದ ಮೇಲೆ ಪ್ರತಿ ಮಗುವಿಗೂ ಪ್ರತ್ಯೇಕ ಕಲಿಕಾ ಯೋಜನೆ ಬರೆಯಬೇಕು, ಯಾವ ಗುರಿ ಮುಟ್ಟಿತು, ಯಾವುದು ಇಲ್ಲ ಎಂದು ದಾಖಲಿಸಬೇಕು. ‘ಇವನು ಸೋಮಾರಿ ಅಷ್ಟೇ’ ಎನ್ನುವ ತರಗತಿ ಶಿಕ್ಷಕರನ್ನು ಒಪ್ಪಿಸಬೇಕು, ಅದೂ ಅವರ ಮನಸ್ಸು ನೋಯಿಸದೆ. ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ ‘ಮಗ ಯಾವಾಗ ಉಳಿದವರ ಹಾಗೆ ಓದುತ್ತಾನೆ?’ ಎಂದು ಅಳುವ ತಾಯಿಗೆ ಸುಳ್ಳು ಭರವಸೆ ಕೊಡದೆ ಸಮಾಧಾನ ಹೇಳಬೇಕು. ಇವಿಷ್ಟೂ ಸೇರಿ ಈ ವೃತ್ತಿ. ಅದರಲ್ಲಿ ನೀರಸವಾದ ಭಾಗ ಯಾವುದೆಂದು ಕಂಡುಕೊಂಡು, ಆ ಭಾಗವನ್ನು ವರ್ಷಗಟ್ಟಲೆ ಸಹಿಸಬಲ್ಲೆನೇ ಎಂದು ನೋಡಿ. ಇಷ್ಟವಾದ ಭಾಗ ಎಲ್ಲ ವೃತ್ತಿಯಲ್ಲೂ ಇರುತ್ತದೆ. ಅದನ್ನೇ ನಂಬಿ ಹೋದವರು ವಾಪಸು ಬರುತ್ತಾರೆ, ಬೇಸರದ ಭಾಗವನ್ನು ನೋಡಿಕೊಂಡು ಒಪ್ಪಿ ಹೋದವರು ಬರುವುದು ಅಪರೂಪ.

ಆದ್ದರಿಂದ ಆಫೀಸಿನಲ್ಲಿ ಒಂದು ವಾರ ರಜೆ ಹಾಕಿ. ಒಬ್ಬ ವಿಶೇಷ ಶಿಕ್ಷಕರ ಜೊತೆ, ಅವರ ಶಾಲೆಯ ಅನುಮತಿ ಪಡೆದು, ಸೋಮವಾರದಿಂದ ಶುಕ್ರವಾರದವರೆಗೆ ಇರಿ. ಮಕ್ಕಳು ಮನೆಗೆ ಹೋದ ಮೇಲಿನ ಎರಡು ಗಂಟೆಯನ್ನು ಮಾತ್ರ ತಪ್ಪಿಸಬೇಡಿ. ಆಮೇಲೆ ಈ ವೃತ್ತಿಯಲ್ಲಿ ಹತ್ತು ವರ್ಷ ಕಳೆದವರೊಬ್ಬರನ್ನು, ಇತ್ತೀಚೆಗೆ ಸೇರಿದವರೊಬ್ಬರನ್ನು, ಬಿಟ್ಟು ಹೋದವರೊಬ್ಬರನ್ನು ಮಾತಾಡಿಸಿ. ಬಿಟ್ಟವರ ಮಾತೇ ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು.

ಆ ವಾರದಲ್ಲಿ ಇನ್ನೊಂದನ್ನು ಗಮನಿಸಿ. ಶನಿವಾರದಲ್ಲಿ ನಿಮ್ಮನ್ನು ಸೆಳೆಯುತ್ತಿರುವುದು ನಿಖರವಾಗಿ ಯಾವುದು? ಕಲಿಸುವುದೋ, ಮಕ್ಕಳೋ, ಅಥವಾ ಮಾಡಿದ ಕೆಲಸದ ಫಲ ಕಣ್ಣೆದುರು ಕಾಣುವುದೋ? ಕ್ಲೇಮ್ ವಿಭಾಗದಲ್ಲಿ ಫೈಲ್ ಬರುತ್ತದೆ, ಹೋಗುತ್ತದೆ, ಅದರ ಹಿಂದಿನ ಮನುಷ್ಯ ಕಾಣುವುದಿಲ್ಲ. ನಿಮಗೆ ಬೇಕಾಗಿರುವುದು ಕಲಿಸುವುದಷ್ಟೇ ಆಗಿದ್ದರೆ, ಹೊಸಬರಿಗೆ ತರಬೇತಿ ಕೊಡುವ ವಿಭಾಗಕ್ಕೆ ಬದಲಾವಣೆ ಕೇಳಿದರೂ ಅರ್ಧ ಹಸಿವು ತೀರಬಹುದು. ಮಕ್ಕಳೇ ಬೇಕೆಂದರೆ ಅದರಿಂದ ಏನೂ ಆಗುವುದಿಲ್ಲ.

ನೋಡಿ ಬಂದ ಮೇಲೂ ಆಸೆ ಉಳಿದರೆ ದಾರಿಗಳು ಇವೆ. ನನ್ನ ಒಲವು ಕೆಲಸದಲ್ಲಿದ್ದುಕೊಂಡೇ ತರಬೇತಿ ಶುರು ಮಾಡುವ ಕಡೆಗೆ: ಸಂಜೆಯ ಅಥವಾ ದೂರಶಿಕ್ಷಣದ ಕೋರ್ಸ್, ಸಾಧ್ಯವಾದರೆ ವಾರಕ್ಕೆ ನಾಲ್ಕು ದಿನದ ಕೆಲಸ. ಒಳ್ಳೆಯ ಬಾಸ್ ಇದ್ದಾರೆ ಎಂದಿದ್ದೀರಿ, ಅದನ್ನು ಉಪಯೋಗಿಸಿಕೊಳ್ಳಬೇಕಾದ ಹೊತ್ತು ಇದೇ. ಸ್ವಂತ ಉದ್ಯಮ ಆರಂಭಿಸಿದವರ ಮೇಲೆ ಜೋಸೆಫ್ ರಫೀ ಮತ್ತು ಜೀ ಫೆಂಗ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಬಳದ ಕೆಲಸ ಉಳಿಸಿಕೊಂಡೇ ಆರಂಭಿಸಿ ಆಮೇಲೆ ಪೂರ್ತಿ ಧುಮುಕಿದವರು ವಿಫಲರಾಗುವ ಸಾಧ್ಯತೆ, ಒಮ್ಮೆಲೇ ಬಿಟ್ಟು ಹೋದವರಿಗಿಂತ 33 ಪ್ರತಿಶತ ಕಡಿಮೆ ಇತ್ತು. ನಿಮ್ಮದು ಉದ್ಯಮವಲ್ಲ, ಆದರೂ ಹೆಜ್ಜೆ ಹೆಜ್ಜೆಯಾಗಿ ಕಲಿತು ಹೋಗುವುದರ ಲಾಭ ಒಂದೇ. ಇದರ ಅಪಾಯ ದಣಿವು. ಎರಡು ವರ್ಷ ಮನೆ, ಆಫೀಸು, ಓದು ಮೂರನ್ನೂ ಎಳೆದರೆ ಆಗ ಮೇಲೆ ಹೇಳಿದ ಬರ್ನ್‌ಔಟ್ ನಿಜಕ್ಕೂ ಬರಬಹುದು. ಹಾಗಾಗಿ ಶನಿವಾರದ ಪಾಠವನ್ನು ಆ ಅವಧಿಗೆ ನಿಲ್ಲಿಸಬೇಕಾಗಬಹುದು, ಅದಕ್ಕೆ ಸಂಕಟಪಡಬೇಡಿ.

ಕೆಲವು ತರಬೇತಿಗಳಲ್ಲಿ ಶಾಲಾ ಅವಧಿಯಲ್ಲೇ ಪ್ರಾಯೋಗಿಕ ಕೆಲಸ ಕಡ್ಡಾಯವಿರುತ್ತದೆ. ಆಗ ಸಂಬಳವಿಲ್ಲದ ದೀರ್ಘ ರಜೆ ಸಿಗುತ್ತದೆಯೇ ಕೇಳಿ. ಸಿಗದಿದ್ದರೆ ಬಿಡುವುದೊಂದೇ ಉಳಿಯುತ್ತದೆ. ಬಿಟ್ಟರೆ ಮತ್ತೆ ಇದೇ ಸಂಬಳಕ್ಕೆ ಇದೇ ಕುರ್ಚಿ ಸಿಗುತ್ತದೆ ಎಂದು ಲೆಕ್ಕ ಹಾಕಬೇಡಿ. ಸೇರುವ ಮೊದಲೇ ಆ ಕೋರ್ಸಿನ ಅರ್ಹತೆಯನ್ನು ನೀವು ಕೆಲಸ ಮಾಡಬಯಸುವ ಶಾಲೆಗಳು ಒಪ್ಪುತ್ತವೆಯೇ ಎಂದು ಶಾಲೆಗಳನ್ನೇ ಕೇಳಿ, ಕೋರ್ಸ್ ನಡೆಸುವವರನ್ನಲ್ಲ. ಏನೂ ಬದಲಿಸದೆ ಶನಿವಾರವನ್ನಷ್ಟೇ ಉಳಿಸಿಕೊಳ್ಳುವುದೂ ಗೌರವದ ಆಯ್ಕೆಯೇ. ಹಾಗೆ ಬದುಕಿ ತೃಪ್ತರಾದವರು ಇದ್ದಾರೆ. ಆದರೆ ಅದು ನೀವು ಆರಿಸಿಕೊಂಡದ್ದಾಗಿರಬೇಕು. ಮುಂದೂಡಿ ಮುಂದೂಡಿ ತಾನಾಗಿ ಆದದ್ದಾದರೆ ಕೊರಗು ಉಳಿಯುತ್ತದೆ. ಥಾಮಸ್ ಗಿಲೊವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ 1990ರ ದಶಕದಲ್ಲಿ ತೋರಿಸಿದ್ದು ಇದನ್ನೇ: ಹತ್ತಿರದ ದಿನಗಳಲ್ಲಿ ಜನ ಮಾಡಿದ್ದಕ್ಕೆ ಪಶ್ಚಾತ್ತಾಪ ಪಡುತ್ತಾರೆ, ಬಹುಕಾಲದ ನಂತರ ಮಾಡದೆ ಬಿಟ್ಟದ್ದಕ್ಕೆ.

ಹಣದ ವಿಷಯದಲ್ಲಿ ಊಹೆ ಬೇಡ, ಪ್ರಯೋಗ ಮಾಡಿ. ಮುಂದಿನ ತಿಂಗಳಿನಿಂದ ಆರು ತಿಂಗಳ ಕಾಲ, ವಿಶೇಷ ಶಿಕ್ಷಕಿಯಾಗಿ ನಿಮಗೆ ಬರಬಹುದಾದ ಸಂಬಳವೇ ಈಗ ಬರುತ್ತಿದೆ ಎಂದುಕೊಂಡು ಮನೆ ನಡೆಸಿ. ಉಳಿದದ್ದನ್ನು ಕೈಗೆ ಸಿಗದಂತೆ ಬೇರೆ ಖಾತೆಗೆ ಹಾಕಿ. ಇದರಿಂದ ಎರಡು ಕೆಲಸ ಆಗುತ್ತದೆ. ಅಷ್ಟರಲ್ಲಿ ಬದುಕಲು ಸಾಧ್ಯವೇ ಎಂದು ತಿಳಿಯುತ್ತದೆ, ತರಬೇತಿಗೂ ನಂತರದ ಕೆಲಸ ಹುಡುಕುವ ತಿಂಗಳುಗಳಿಗೂ ಹಣ ಕೂಡುತ್ತದೆ. ಮೂರನೇ ತಿಂಗಳಿಗೇ ಮನೆಯಲ್ಲಿ ಮುಖ ಮುರುಕು ಶುರುವಾದರೆ ಅದನ್ನೂ ಉತ್ತರವೆಂದೇ ತಿಳಿಯಿರಿ. ಸಂಬಳ ಚೀಟಿಯಲ್ಲಿ ಕಾಣದ ನಷ್ಟಗಳನ್ನೂ ಬರೆದಿಟ್ಟುಕೊಳ್ಳಿ: ಕಂಪನಿ ಕೊಡುವ ಆರೋಗ್ಯ ವಿಮೆ, ನಿವೃತ್ತಿ ನಿಧಿಗೆ ಕಂಪನಿ ಹಾಕುವ ಪಾಲು, ವರ್ಷ ವರ್ಷದ ಏರಿಕೆ. ಆರೋಗ್ಯ ವಿಮೆಯನ್ನು ಕೆಲಸದಲ್ಲಿರುವಾಗಲೇ ಸ್ವಂತ ಹೆಸರಿನಲ್ಲಿ ಮಾಡಿಸಿ. ಕ್ಲೇಮ್ ವಿಭಾಗದವರಿಗೆ ಅದರ ಕಾರಣ ಹೇಳಬೇಕಾಗಿಲ್ಲ. ಮಗಳು ನಿಮ್ಮ ತರಬೇತಿ ಮುಗಿಯುವ ಹೊತ್ತಿಗೆ ಎಂಟು–ಒಂಬತ್ತನೇ ತರಗತಿಯಲ್ಲಿರುತ್ತಾಳೆ, ಅವಳ ಖರ್ಚು ಏರುವುದೂ ಆಗಲೇ.

ನಿಮ್ಮ ಪತ್ರದಲ್ಲಿ ಒಂದು ಮಾತು ಇಲ್ಲ. ಅಮ್ಮ ಏನೆಂದರು, ಗೆಳತಿ ಏನೆಂದಳು ಎಂದು ಬರೆದಿದ್ದೀರಿ. ಗಂಡನಿಗೆ ಕೆಲಸ ಇದೆ ಎಂದಷ್ಟೇ ಇದೆ, ಅವರು ಏನೆನ್ನುತ್ತಾರೆ ಎಂಬುದು ಇಲ್ಲ. ನೀವು ಬಿಟ್ಟರೆ ಒಂಬತ್ತು ವರ್ಷದ ಸಾಲದ ಹೆಚ್ಚು ಭಾರ ಅವರೊಬ್ಬರ ಸಂಬಳದ ಮೇಲೆ ಬೀಳುತ್ತದೆ. ನಾಳೆ ಅವರಿಗೂ ತಮ್ಮ ಕೆಲಸ ಬೇಡವೆನಿಸಿದರೆ ಬಿಡುವ ಸ್ವಾತಂತ್ರ್ಯ ಇರುವುದಿಲ್ಲ. ಇದನ್ನು ಅವರು ಬಾಯಿಬಿಟ್ಟು ಹೇಳದಿದ್ದರೂ ಯೋಚಿಸಿರುತ್ತಾರೆ. ‘ನಿಮಗೆ ಒಪ್ಪಿಗೆಯಾ?’ ಎಂದು ಕೇಳಿದರೆ ‘ನಿನಗೆ ಹೇಗೆ ಬೇಕೋ ಹಾಗೆ ಮಾಡು’ ಎಂಬ ಉತ್ತರ ಬರುತ್ತದೆ, ಅದರಿಂದ ಪ್ರಯೋಜನವಿಲ್ಲ. ಲೆಕ್ಕದ ಹಾಳೆ ಮುಂದಿಟ್ಟುಕೊಂಡು ಕೂತು, ಎಷ್ಟು ಉಳಿತಾಯಕ್ಕಿಂತ ಕೆಳಗೆ ಇಳಿದರೆ ನಿಲ್ಲಿಸುತ್ತೇನೆ, ಯಾವ ತಿಂಗಳೊಳಗೆ ತೀರ್ಮಾನ ಮಾಡುತ್ತೇನೆ ಎಂದು ನೀವು ಹೇಳಿ. ಅವರಿಗೆ ಯಾವುದು ಭಯ ಎಂದು ಕೇಳಿ. ಆ ಮಾತುಕತೆ ಈ ವಾರ ಆಗಲಿ, ಒಂದು ವಾರದ ರಜೆಯ ಅರ್ಜಿ ಅದಾದ ಮೇಲೆ ಹಾಕಿ.